ಒಂದು ಗಂಟೆಯ ಹಗ್ಗ

ಮನೆಯಿಂದ ಐದು ಕಿಲೋಮೀಟರು, ದಿನಕ್ಕೆ ಒಂದೇ ಗಂಟೆ.
ರಾತ್ರಿ ಎಂಟಕ್ಕೆ ಮೆಲ್ಬರ್ನ್ ತಾನೇ ಚಿಲಕ ಹಾಕಿಕೊಳ್ಳುತ್ತಿತ್ತು.
ಭೂಪಟದಲ್ಲಿ ಕೋಬರ್ಗಿನ ನಮ್ಮ ಬೀದಿಗೆ
ಕೈವಾರದ ಮುಳ್ಳು ಚುಚ್ಚಿ ಮಗಳು ಸುತ್ತು ಎಳೆದಳು:
ಈಜುಕೊಳ ಒಳಗೇ ಇದೆಯಮ್ಮ, ಬೀಗ ಅಷ್ಟೆ.
ಗಾಣದ ಎತ್ತಿಗಾದರೂ
ಕೊನೆಗೆ ಎಣ್ಣೆಯ ವಾಸನೆ ಇತ್ತು.

ನಲವತ್ತೇಳಕ್ಕೆ ಈಜು ಕಲಿತವಳು ನಾನು.
ವಾರಕ್ಕೆ ಮೂರು ದಿನ, ಮೂವತ್ತು ಸುತ್ತು,
ಕ್ಲೋರಿನ್ ನಾರುವ ಕೂದಲಲ್ಲೇ ಕೆಲಸಕ್ಕೆ.
ಉಳಿದ ದಿನ ಐದೂವರೆಗೆ, ಇಸ್ತ್ರಿ ಮೇಜಿನ ಪಕ್ಕ,
ಮಡಿಸಿದ ಕಂಬಳಿಯ ಮೇಲೆ ಇಪ್ಪತ್ತು ನಿಮಿಷ:
ಮೂಗಿನ ಹೊಸ್ತಿಲಲ್ಲಿ ಬಂದು ಹೋಗುವುದನ್ನು
ತಡೆಯದೆ ಕರೆಯದೆ ನೋಡುವ ಕಾವಲುಗಾರ್ತಿ.
ಫೋನು ಲೆಕ್ಕ ಇಡುತ್ತಿತ್ತು,
ಇನ್ನೂರ ಹನ್ನೆರಡು ದಿನ, ಒಂದೂ ತಪ್ಪಿಲ್ಲ.

ಜುಲೈಯಲ್ಲಿ ವೃದ್ಧಾಶ್ರಮದ ಎರಡನೇ ಮಹಡಿಗೆ ಬಂತು.
ಏನು ಬಂತೆಂದು ಯಾರೂ ಬಿಡಿಸಿ ಹೇಳಲಿಲ್ಲ.
ಬೆರಳಿಗೆ ಪುಟ್ಟ ಚಿಮುಟ ಸಿಕ್ಕಿಸುವುದು,
ಕೆಂಪು ಅಂಕಿ ನಿಲ್ಲುವ ತನಕ ಕಾಯುವುದು, ಬರೆಯುವುದು.
ತೊಂಬತ್ತಾರು. ತೊಂಬತ್ಮೂರು.
ಅಗಾಪಿ ಅಜ್ಜಿಯದು ಎಂಬತ್ತೆಂಟು.
ಇನ್ನೊಂದು ಕೈಯಲ್ಲಿ ಹಳದಿ ಮಣಿಸರ ತಿರುವುತ್ತ
ಅವಳು ಗ್ರೀಕಿನಲ್ಲಿ ಏನೋ ಕೇಳುವಳು,
ನಾನು ಕನ್ನಡದಲ್ಲಿ ಹೂಂ, ಹೂಂ;
ಇಬ್ಬರೂ ಒಂದೇ ಗಾಳಿಗೆ ಹೆದರುತ್ತ.

ಮರುದಿನವೂ ಐದೂವರೆಗೆ ಕೂತೆ.
ಉಸಿರನ್ನು ಗಮನಿಸಿ, ಅಂದಿತು ಫೋನಿನ ಹೆಣ್ಣುದನಿ,
ಜೇನು ಸವರಿದ ಹಾಗೆ.
ಅದಕ್ಕೇ ನನಗೆ ಸಂಬಳ ಕೊಡುವುದು, ತಾಯಿ!
ಒಳಹೋದದ್ದು ಹೊರಬರುವ ಮುನ್ನಿನ ಸಂದಿಯಲ್ಲಿ,
ಮೊದಲು ಬರಿಯ ನಿಶ್ಶಬ್ದವಿದ್ದ ಜಾಗದಲ್ಲಿ,
ಎರಡನೇ ಮಹಡಿಯ ಹನ್ನೊಂದು ಎದೆಗಳು
ಗೊರಗೊರ ಅಂದವು.
ಎದ್ದುಬಿಟ್ಟೆ. ಇಸ್ತ್ರಿ ಹಚ್ಚಿದೆ.
ಯಾರೂ ಎಲ್ಲಿಗೂ ಹೋಗದ ಮನೆಯಲ್ಲಿ
ಆರು ಅಂಗಿ, ಗರಿಗರಿ.

ಸರಪಳಿ ತುಂಡಾಯಿತು, ಪರವಾಗಿಲ್ಲ, ನಾಳೆ ಸಿಗೋಣ,
ಎಂದು ಫೋನು ಹಸಿರೆಲೆಯ ಚಿತ್ರ ಕಳಿಸಿತು.
ನಾಳೆ ಸಿಗಲಿಲ್ಲ.

ದುರುಗೇಶ ಮೂರು ಪಟ್ಟು ಬೆಲೆಗೆ ತರಿಸಿದ ಡಂಬೆಲ್ಲು
ಹತ್ತು ದಿನ ಏಳುತ್ತ ಬೀಳುತ್ತ ಇದ್ದು
ಬಾಲ್ಕನಿ ಬಾಗಿಲಿಗೆ ಅಡ್ಡ ನಿಂತಿತು.
ಹೊಳೆದಂಡೆಯುದ್ದ ಓಡುತ್ತಿದ್ದವನು ಈಗ
ಟೀವಿಯ ಸುದ್ದಿಗೋಷ್ಠಿಗೆ ಮಾತ್ರ ಓಡಿ ಬರುವನು:
ಇವತ್ತೆಷ್ಟು? ನಿನ್ನೆಗಿಂತ ಎಷ್ಟು?
ಮೇದಿನಿಯದು ಉಲ್ಟಾ. ಬರಿಗಾಲಲ್ಲಿ ಜಿಗಿತ, ಜಿಗಿತ,
ಕೆಳಮನೆಯ ಮುದುಕ ಪೊರಕೆ ಹಿಡಿಯಿಂದ
ಸೂರು ಕುಟ್ಟುವ ತನಕ.
ಒಬ್ಬೊಬ್ಬರ ಭಯಕ್ಕೆ ಒಂದೊಂದು ಬಗೆಯ ಕಾಲು.

ನನಗೆ ನಡಿಗೆ ಉಳಿಯಿತು.
ಮೆರ್ರಿ ಹಳ್ಳದ ದಂಡೆ, ಹಳೇ ಜೈಲಿನ ಕಪ್ಪುಗಲ್ಲ ಗೋಡೆ.
ಎದುರು ಬಂದವರು ಹುಲ್ಲಿಗಿಳಿದು ದಾರಿ ಬಿಡುವರು.
ಅದು ಮರ್ಯಾದೆಯೋ, ಮೈಲಿಗೆಯೋ?
ನಾನು ಹುಟ್ಟಿದ ಕೇರಿಗೆ ಇದು ಹೊಸ ಪಾಠವಲ್ಲ;
ಅವರು ಸರಿಯುವ ಮೊದಲೇ
ಕೆಲವು ಸಲ ನನ್ನ ಮೈ ತಾನೇ ಸರಿದಿರುತ್ತಿತ್ತು.
ಎಷ್ಟು ಹೆಜ್ಜೆಯೋ ಗೊತ್ತಿಲ್ಲ. ಹೆಜ್ಜೆ ಎಣಿಸುವ ಗಡಿಯಾರವನ್ನು
ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೆ.
ಎಣಿಸಿದ್ದೆಲ್ಲ ಕಮ್ಮಿಯಾಗುತ್ತಿದ್ದ ಕಾಲ.

ಆಗಸ್ಟಿನ ಒಂದು ಬೆಳಗ್ಗೆ ಅಗಾಪಿಯ ಹಾಸಿಗೆ ಬರಿದು.
ಮಣಿಸರ ಪ್ಲಾಸ್ಟಿಕ್ ಚೀಲದಲ್ಲಿ,
ಚೀಲದ ಮೇಲೆ ಹೆಸರು, ಕಾಗುಣಿತ ತಪ್ಪು.

ನವೆಂಬರಿನಲ್ಲಿ ಕೊಳ ತೆರೆಯಿತು.
ನಲವತ್ತೈದು ನಿಮಿಷ, ಒಂದು ಸಾಲಿಗೆ ಒಬ್ಬರು.
ನಾಲ್ಕನೇ ಸುತ್ತಿಗೇ ತೋಳು ಸೋತು
ಸಾಲು ಬೇರ್ಪಡಿಸುವ ಹಗ್ಗ ಹಿಡಿದು ತೂಗಿದೆ.
ಮುಖ ಮುಳುಗಿಸಿ, ಬಾಯಿ ತೆರೆದು, ಉಸಿರು ಬಿಟ್ಟೆ.
ಗುಳುಗುಳು. ಕಿವಿಯಲ್ಲಿ ನನ್ನದೊಂದೇ ಸದ್ದು.
ಯಾರೂ ಹಿಂದೆ ಸರಿಯಲಿಲ್ಲ.
ಮತ್ತೆ ಮುಳುಗಿದೆ. ಮತ್ತೆ.
ಕಾವಲಿನ ಹುಡುಗ ಬಗ್ಗಿ ನೋಡಿ ಹೋದ,
ಈಜಲು ಬಂದವಳು ಈಜುತ್ತಿಲ್ಲವಲ್ಲ ಎಂದು.

ಕಂಬಳಿ ಇನ್ನೂ ಇಸ್ತ್ರಿ ಮೇಜಿನ ಕೆಳಗೇ ಇದೆ.
ಬೆಳಗಿನ ಹೊತ್ತು ಅದರ ಮೇಲೆ ಬೆಕ್ಕು ಕೂರುತ್ತದೆ,
ಕಣ್ಣು ಅರೆಮುಚ್ಚಿ,
ಇಪ್ಪತ್ತು ನಿಮಿಷಕ್ಕಿಂತ ಹೆಚ್ಚೇ.