ಹೆಬ್ಬೆಟ್ಟು

ನೀರ್ಚಾಲು ಪೇಟೆಯ ಅಕ್ಷಯ ಕೇಂದ್ರದಲ್ಲಿ
ಹನ್ನೊಂದನೆಯ ಟೋಕನ್, ಫಾದರ್ ಬೊನಿಫಾಸ್ ಕ್ರಾಸ್ತಾ.
ನವೆಂಬರ್ ತಿಂಗಳು. ಬದುಕಿದ್ದೇನೆ ಎಂದು
ಖುದ್ದಾಗಿ ಬಂದು ಹೇಳಬೇಕು ಸರ್ಕಾರಕ್ಕೆ.

ಪಿಂಚಣಿ ನನ್ನದಲ್ಲ ಮಗಳೇ, ಯೇಸುಸಭೆಗೆ ಹೋಗುತ್ತದೆ;
ಬದುಕಿರುವುದಷ್ಟೇ ನನ್ನ ಜವಾಬ್ದಾರಿ, ಎಂದು ನಕ್ಕರು.
ಬಟ್ಟೆಚೀಲದಿಂದ ಆಧಾರ್, ಬಸ್ಸಿನ ಚಿಲ್ಲರೆ,
ಚಿಲ್ಲರೆಗೆ ಸುತ್ತಿಕೊಂಡ ಜಪಸರ
ಒಟ್ಟಿಗೇ ಮೇಜಿಗೆ ಬಿದ್ದವು.

ಹೆಬ್ಬೆಟ್ಟು ಒತ್ತಿದರು. ಕೆಂಪು ದೀಪ.
ಒರೆಸಿ ಒತ್ತಿದರು. ಕೆಂಪು.
ಬೀಡಿ ಕಟ್ಟುವ ದೇವಕಿಯಕ್ಕನಿಗೂ ಹೀಗೇ,
ಕಲ್ಲುಕೋರೆಯ ಅಂದುಂಞಿಗೂ ಹೀಗೇ,
ಬೆರಳ ಗೆರೆಯನ್ನು ಕೆಲಸ ತಿಂದಿದೆ.
ಇವರದನ್ನು ತಿಂದದ್ದು ಸೀಮೆಸುಣ್ಣ.
ಇಪ್ಪತ್ತೆರಡು ವರ್ಷ ಭೌತಶಾಸ್ತ್ರ, ಆಮೇಲೆ ಪ್ರಾಂಶುಪಾಲ,
ಆಮೇಲೆ ತಲಪಾಡಿ ಗೇಟಿನಾಚೆ ಕುಲಪತಿ,
ಕೆಂಪು ಗೌನು, ಮುಂದೆ ಬೆಳ್ಳಿಯ ದಂಡ.

ಹೇಳಬಾರದಿತ್ತೇನೋ. ಹೇಳಿದೆ:
ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿ ನಿಮ್ಮದೇ ಸಹಿ, ಫಾದರ್.
ಮುಖ ಅರಳಿತು.
ಹೆಸರು ಮಾತ್ರ ತಪ್ಪು. ನಾನು ನಳಿನಾಕ್ಷಿ;
ಅದರಲ್ಲಿ ನಲಿನಾಕ್ಷಿ.
ಒಂದು ಳಕಾರಕ್ಕೆ ಮೂರು ವರ್ಷ ಅಲೆದೆ,
ಅಫಿಡವಿಟ್ಟು, ಗೆಜೆಟ್ಟು, ವಿಲ್ಲೇಜ್ ಆಫೀಸು.
ಅಲ್ಲಿನ ಕನ್ನಡ ಇಲ್ಲಿ ಓದುವವರಿಲ್ಲ,
ಇಲ್ಲಿನ ಮಲಯಾಳ ಅಲ್ಲಿ ಬೇಡ.
ಟೀಚರ್ ಪೋಸ್ಟಿನ ಇಂಟರ್‌ವ್ಯೂ ದಾಟಿಹೋಯಿತು.

ಸರದಿಯಲ್ಲಿ ಯಾರೋ ಕೆಮ್ಮಿದರು.
ಅವರು ಕನ್ನಡಕ ತೆಗೆದು ಹಿಡಿದೇ ಇದ್ದರು.
ಒಂದು ಮಧ್ಯಾಹ್ನಕ್ಕೆ ಎಂಟುನೂರು, ಮಗಳೇ.
ಕ್ಲಾರ್ಕು ಸರಿಸುತ್ತಿದ್ದ, ನಾನು ಗೀಚುತ್ತಿದ್ದೆ.
ಮೊದಲ ವರ್ಷ ಪ್ರತಿ ಹೆಸರನ್ನೂ ಓದಿದೆ.
ಆಮೇಲೆ ಓದಲಿಲ್ಲ.
ಓದಬೇಕಿತ್ತು.

ತಪ್ಪೊಪ್ಪಿಗೆಯ ಗೂಡಿನಲ್ಲಿ, ಜಾಲರಿಯ ಆಚೆ ಕೂತು
ಕೇಳಿಸಿಕೊಂಡವರು ಏನು ಹೇಳುತ್ತಾರೋ
ನನಗೇನು ಗೊತ್ತು? ನಮ್ಮದು ಕೊರಗಜ್ಜನ ಕಟ್ಟೆ,
ವರ್ಷಕ್ಕೊಂದು ಕೋಲ.
ಕಣ್ಣು ತೋರಿಸಿ, ಅಂದೆ.

ಪೊರೆ ತೆಗೆಸಿದ ಕಣ್ಣನ್ನು ಯಂತ್ರದ ಹತ್ತಿರ ತಂದು
ಎವೆಯಿಕ್ಕದೆ ನಿಂತರು.
ಹಸಿರು.
ಬದುಕಿದ್ದೀರಿ ಫಾದರ್. ಮೂವತ್ತು ರೂಪಾಯಿ.

ಚೀಟಿ ಮಲಯಾಳದಲ್ಲಿತ್ತು,
ಎಂಬತ್ತೊಂದಕ್ಕೆ ಅವರು ಕಲಿಯುತ್ತಿರುವ ಲಿಪಿ.
ಬೆರಳಿಟ್ಟು, ತುಟಿ ಅಲುಗಿಸಿ, ಮೇಲಿನಿಂದ ಓದತೊಡಗಿದರು.
ತಾರೀಕು. ನಂಬರು. ತಮ್ಮ ಹೆಸರು.
ಕೊನೆಯ ಸಾಲಿನಲ್ಲಿ ಆಪರೇಟರಳ ಹೆಸರಿತ್ತು.
ಅಲ್ಲಿ ಬೆರಳು ನಿಂತಿತು.

ಹನ್ನೆರಡನೆಯ ಟೋಕನ್ನು ಕಾಯುತ್ತಿತ್ತು.