ನಲವತ್ತು ಮಿಲಿಸೆಕೆಂಡು

ಉದ್ಯಮಬಾಗ, ಎರಡನೇ ಮಾಳಿಗಿ. ಕೆಳಗ ಫೌಂಡ್ರಿ.
ಅಚ್ಚು ಒಡಿಯೋ ಹೊತ್ತಿನ್ಯಾಗ ನನ್ನ ಮೇಜಿನ ಮ್ಯಾಲಿನ ಚಹಾದಾಗ
ಸಣ್ಣ ಸಣ್ಣ ಬಳಿ ಏಳ್ತಾವ, ಅಂಚಿಗೆ ಹೋಗಿ ಸಾಯ್ತಾವ.
ಇಲ್ಲೇ ಕುಂತು ದಸ್ತಗೀರ ಸರ್ ಬರದ ಲೈಬ್ರರಿ
ಹೊಸದು ಮಾಡಾಕತ್ತೀನಿ,
ಎರಡನೇ ಆವೃತ್ತಿಯಿಂದ ಮೂರಕ್ಕ.

ಸಿ ಭಾಷೆ. ನಾಕು ಸಾವಿರದ ಆರನೂರು ಸಾಲು.
ಕೆಲಸ ಇಷ್ಟ: ಪೋರ್ಟ್ ತೆಗಿ, ಬರಿ, ಓದು, ಮುಚ್ಚು.
ಲೇಥ್ ಜೋಡಿ, ತಕ್ಕಡಿ ಜೋಡಿ, ಕುಲುಮಿ ಕಾವು ಅಳಿಯೋ ಡಬ್ಬಿ ಜೋಡಿ
ಒಂದ ತಂತಿಯಾಗ ಒಂದೊಂದ ಬಿಟ್ ಕಳಿಸಿ ಮಾತಾಡೋದು.
ರೇಷನ್ ಅಂಗಡಿ ಮುಂದ ಮಂದಿ ನಿಂತಂಗ,
ಒಬ್ಬರನ್ನ ಒಬ್ಬರು ದಾಟೂ ಹಂಗಿಲ್ಲ.

ಹೆಸರಿಡೋದರಾಗ ಸರ್ ಭಾಳ ಜಿಪುಣ.
ಟಿ. ಟಿ ಒಂದು. ಟಿ ಎರಡು.
ಇಡೀ ಕಡತಕ್ಕ ಮೂರ ಟಿಪ್ಪಣಿ:
ಒಂದು ತಾರೀಖು,
ಒಂದು ಬೈಗುಳ, ಕಂಪೈಲರಿಗೆ, ಉರ್ದುದಾಗ,
ಮತ್ತ ಓದೋ ಫಂಕ್ಷನ್ನಿನ ತಲಿ ಮ್ಯಾಲೆ
"ಇದನ್ನ ತೆಗೀಬ್ಯಾಡ."

ಅದರ ಕೆಳಗ ನಲವತ್ತು ಮಿಲಿಸೆಕೆಂಡಿನ ನಿದ್ದಿ.

ಯಾಕ, ಬರದಿಲ್ಲ.
ಕಾರಣ ಇಲ್ಲದ ನಿದ್ದಿ ಅಂದ್ರ ನನಗ ಆಗಿಬರಂಗಿಲ್ಲ.
ತೆಗದೆ.
ಮೇಜಿನ ಮ್ಯಾಲೆ ಎರಡು ಹೊಸ ಕನ್ವರ್ಟರ್ ಎದುರುಬದುರು ಇಟ್ಟು
ಮುನ್ನೂರಾ ಹನ್ನೆರಡು ಪರೀಕ್ಷೆ ಓಡಿಸಿದೆ. ಎಲ್ಲಾ ಹಸರು.
ಹುಡುಗಾಟದ ವಯಸ್ಸಿನವು ಅವು,
ಕೇಳೂಕಿಂತ ಮೊದಲ ಉತ್ತರಾ ಕೊಡ್ತಾವ.

ಮರುದಿನ ಕೆಳಗಿಂದ ಯಲ್ಲೋಜಿ ಮಾಮಾನ ಫೋನ್.
ಪರದೆ ಮ್ಯಾಲೆ ಕರಗಿದ ಕಬ್ಬಿಣ
ನೂರಾ ನಲವತ್ತೆರಡು ಡಿಗ್ರಿ.
ಇದರಾಗ ಮಿರ್ಚಿ ಭಜಿ ಸುದ್ದಾ ಕರಿಯಾಕ ಬರಂಗಿಲ್ಲ, ಅಂದ
ಮರಾಠಿಯಾಗ. ಬರ್ತೀನಿ ಅಂದೆ ಕನ್ನಡದಾಗ.
ಹನ್ನೊಂದು ವರ್ಷಾತು ಹಿಂಗ.
ಇಬ್ಬರೂ ಸೆಟ್ಟಿಂಗ್ ಬದಲಿಸಿಲ್ಲ,
ಒಂದ ಅಕ್ಷರಾನೂ ಕಳದಿಲ್ಲ.

ಡಬ್ಬಿ ನೋಡಿದ್ರ ನನ್ನಕಿಂತ ಎರಡು ವರ್ಷ ದೊಡ್ಡದು.
ಮೈತುಂಬ ಮಸಿ, ಹಿಂದ ಒಂಬತ್ತು ಪಿನ್ನಿನ ಬಾಯಿ,
ಸ್ಕ್ರೂ ಹೋದಲ್ಲಿ ತಾಮ್ರದ ತಂತಿ ಸುತ್ತಿದ್ದು.
ಆಸಿಲೋಸ್ಕೋಪ್ ಹಚ್ಚಿ ನೆಲದ ಮ್ಯಾಲೆ ಕುಂತೆ.
ಕೇಳಿದೆ.
ಒಂದು, ಅಂತು. ನಾಕು, ಅಂತು. ಎರಡು, ಅಂತು.
ಆಮ್ಯಾಲೆ ಗಪ್ಪಾತು.
ಗೆರಿ ಸಪಾಟಾಗಿ ಹೊಂಟಿತು, ಹೊಂಟಿತು,
ಉಳುವಿ ಮುಗಿದ ಹೊಲದಂಗ.
ಅಷ್ಟ ದೂರ ಹೋಗಿ, ಸೊನ್ನಿ.

ನಡುವ ಏನು ಮಾಡ್ತಿತ್ತು ಗೊತ್ತಾ?
ತನ್ನ ಮುಖದ ಮ್ಯಾಗಿನ ಕೆಂಪು ಅಂಕಿ ಹೊತ್ತಿಸಿಕೋತಿತ್ತು.
ಒಂದ ತಲಿ. ಒಂದ ಹೊತ್ತಿಗೆ ಒಂದ ಕೆಲಸ.
ಮಾತು ಮುಗೀತು ಅನ್ನೋ ಗುರುತು ಕಳಿಸೂದನ್ನ
ಅದಕ್ಕ ಯಾರೂ ಕಲಿಸಿಲ್ಲ;
ಮುಗದೈತಿ ಅಂತ ತಿಳಿಯಾಕ ಕಾಯೂದೊಂದ ದಾರಿ.
ಮೂರು ಅಂಕಿಗೆ ಎದ್ದು ಬಂದಾಕಿ ನಾ.

"ಮ್ಹಾತಾರಾ ಆಹೆ ತೋ, ಥಾಂಬ್ ಕಿ ಜರಾ," ಅಂದ ಮಾಮಾ,
ಮುದುಕನ ಬೆನ್ನು ತಟ್ಟಿದಂಗ ಡಬ್ಬಿ ತಟ್ಟಿ.

ನಿದ್ದಿ ತಿರುಗಿ ಹಾಕಿದೆ.
ಮ್ಯಾಲೆ ಆರು ಸಾಲು ಕಾರಣ ಬರದೆ,
ಕೆಂಪು ಅಂಕಿ, ಸಪಾಟು ಗೆರಿ, ಭಜಿ ಎಣ್ಣಿ ಸೈತ.
ಅವಸರ ಇದ್ದವರು ಕಡಿಮಿ ಮಾಡ್ಕೊಳ್ಳಿ ಅಂತ
ಆ ನಲವತ್ತನ್ನ ಹೊರಗ ತಂದು ಒಂದು ಹೆಸರಿಟ್ಟೆ.
ಹೇಳದಿದ್ರ ಅದು ನಲವತ್ತ.

ಸಂಜಿಮುಂದ ಸವದತ್ತಿಗೆ ಫೋನ್ ಹಚ್ಚಿದೆ.
"ಸರ್, ಆ ನಲವತ್ತು ಮಿಲಿಸೆಕೆಂಡು..."
"ಯಾವ ನಲವತ್ತು?"
ಹೇಳಿದೆ ಎಲ್ಲಾ.
"ನಾ ಬರದಿದ್ನಾ? ನೆನಪಿಲ್ಲ, ನೀಲಾಂಬಿಕಾ.
ಅಲ್ಲಾ, ಆ ಬೈಗುಳ ಇನ್ನೂ ಐತೇನು ಅದರಾಗ?"
"ಐತಿ ಸರ್."
"ಅದನ್ನ ತೆಗಿ. ಮೊಮ್ಮಗಳು ಸಿ ಕಲಿಯಾಕತ್ತಾಳ."

ತೆಗದು, ಮೂರನೇ ಆವೃತ್ತಿ ಕಳಿಸಿ
ತಣ್ಣಗಾದ ಚಹಾ ಕುಡದೆ.
ಹಳೇ ಆವೃತ್ತಿಯೊಳಗ ಅದು ಇದ್ದಲ್ಲೇ ಇರತೈತಿ,
ಯಾರು ಬೇಕಾದರೂ ಹಿಂದ ಹೋಗಿ ಓದಬಹುದು.
ಅದನ್ನ ಮಾತ್ರ ಸರ್‌ಗೆ ಹೇಳಲಿಲ್ಲ.