ಬರಿ ಬೆನ್ನು

ನಸುಕಿನ ನಾಲ್ಕೂವರೆಗೆ ಮುದುಕ ವೆಂಡೆಲೀನ್
ನನ್ನ ಬೆನ್ನಿಗೆ ಮರದ ಚೌಕಟ್ಟು ಬಿಗಿದ.
ಆಲೂಗಡ್ಡೆ, ಹಿಟ್ಟು, ಈರುಳ್ಳಿ,
ಗ್ಯಾಸಿನ ಒಂದು ಸಣ್ಣ ಸಿಲಿಂಡರು,
ಮೇಲಿನ ತಂಗುಮನೆಯ ಒಟೀಲಿಯಾಳಿಗೆ ಬಂದ ಎರಡು ಕಾಗದ.
ತಕ್ಕಡಿಯ ಮುಳ್ಳು ನಲವತ್ತೊಂದಕ್ಕೆ ನಿಂತಿತು.
‘ನನ್ನ ಕಾಲದಲ್ಲಿ ಇದು ಬುತ್ತಿ’ ಎಂದ.

ಅವನ ಬೆನ್ನು ಬರಿದು. ಡಾಕ್ಟರು ಬೇಡ ಅಂದಿದ್ದಾರೆ.
ಮೂವತ್ತನಾಲ್ಕು ವರ್ಷ ಹೊತ್ತ ಮೇಲೆ ಇವತ್ತೇ ಮೊದಲು
ಕೈಬೀಸಿ ಹತ್ತುತ್ತಿದ್ದಾನೆ,
ನನಗೆ ದಾರಿ ತೋರಿಸಲಿಕ್ಕೆ.
ದಾರಿಗೆ ಮರಮರಕ್ಕೂ ಕೆಂಪು ಪಟ್ಟೆ ಬಳಿದಿದೆ.
ನಾನೇನೂ ಹೇಳಲಿಲ್ಲ.

ಮೊದಲು ಕಾಡು. ಅಂದರೆ, ಇದ್ದ ಕಾಡು:
ಒಂದೇ ಸಂಜೆಯ ಗಾಳಿಗೆ ಮಲಗಿದ ಸ್ಪ್ರೂಸ್ ಮರಗಳು
ಇನ್ನೂ ಒಂದೇ ದಿಕ್ಕಿಗೆ ತಲೆಯಿಟ್ಟಿವೆ.
ನಡುನಡುವೆ ಆಳೆತ್ತರದ ಗುಲಾಬಿ ಹೂಕಡ್ಡಿ.
ದಾರಿ ಮಧ್ಯೆ ಕರಡಿಯ ಲದ್ದಿ, ತುಂಬ ಬೆರ್ರಿ ಬೀಜ.
‘ಅದಕ್ಕೆ ಹೊಟ್ಟೆ ತುಂಬಿದೆ, ನಡಿ ಬ್ಲಾಜೆನಾ.’

ಆಮೇಲೆ ನಿಂತ ಕಾಡು, ಕತ್ತಲೆ, ಬೇರಿನ ಮೆಟ್ಟಿಲು.
ಉಸಿರಿಗೆ ಎರಡು ಹೆಜ್ಜೆ. ಮಾತಿಗೆ ಉಸಿರಿಲ್ಲ.
ಪಟ್ಟಿ ಭುಜವನ್ನು ಕಚ್ಚಿ ಹಿಡಿದು
ಕೊನೆಗೆ ಭುಜ ಯಾವುದು ಪಟ್ಟಿ ಯಾವುದು ತಿಳಿಯಲಿಲ್ಲ.
ಕಣ್ಣಿಗೆ ಕಂಡದ್ದು ಅವನ ಹಿಮ್ಮಡಿ ಮಾತ್ರ,
ಎಡದ ಬೂಟಿಗೆ ಹೊಸ ಅಟ್ಟೆ, ಬಲದ್ದಕ್ಕೆ ಹಳೆಯದು.

ಸ್ಪ್ರೂಸ್ ಮುಗಿದು ಸೊಂಟದುದ್ದದ ಪೈನು ಬಂತು,
ಪೈನೂ ಮುಗಿದು ಬರೀ ಕಲ್ಲು, ಕಲ್ಲಿಗೆ ಸರಪಳಿ.
ಅಲ್ಲಿ ಎಡವಿದ.
ಇಲ್ಲದ ಹೊರೆಗೆ ಮೈ ಮುಂದಕ್ಕೆ ಬಾಗಿತ್ತು,
ತಡೆಯಲು ಹಿಂದೆ ಏನೂ ಇರಲಿಲ್ಲ.
ಬಂಡೆಗೆ ಕೈಕೊಟ್ಟು ಕೂತು, ಎಷ್ಟೋ ಹೊತ್ತಿನ ಮೇಲೆ,
‘ಭಾರ ಇಲ್ಲದಿದ್ದರೆ ನೆಲ ಸಿಗೋದಿಲ್ಲ ಕಣೇ.’
ದೂರದಲ್ಲೊಂದು ಮಾರ್ಮಟ್ ಸಿಳ್ಳೆ ಹಾಕಿತು, ನಮಗಲ್ಲ.

ಮತ್ತೆ ಹೊರಟಾಗ ಅವನು ನನ್ನ ಹಿಂದೆ.
ಬೆನ್ನಲ್ಲಿ ಏನೋ ಸರಸರ. ಇಲಿಯೇ? ಗಾಳಿಯೇ?
ಸರಪಳಿಯಿಂದ ಸರಪಳಿಗೆ ಹೊರೆ ಹಗುರಾಗುತ್ತ ಬಂತು.
ನನಗೇ ಶಕ್ತಿ ಬಂತೆಂದು ಬೀಗಿದೆ.

ದಿಬ್ಬ ದಾಟಿದರೆ, ಇದ್ದಕ್ಕಿದ್ದಂತೆ, ಬೋಗುಣಿ.
ಯಾರೋ ಉಂಡು ತೊಳೆದು ಕವುಚಲು ಮರೆತಂತೆ,
ತಳದಲ್ಲಿ ಒಂಚೂರು ನೀರು,
ಅಂಚಿನಲ್ಲಿ ಕರಗದ ಹಿಮದ ಕೊಳೆ.
ಸುತ್ತ ಬಂಡೆ, ಬಂಡೆಯ ಮೇಲೆ ಎರಡು ಕಾಡುಮೇಕೆ,
ನಮ್ಮನ್ನು ನೋಡಿ ಮೆಲುಕು ನಿಲ್ಲಿಸಲಿಲ್ಲ.

ಒಟೀಲಿಯಾ ತೂಗಿದಳು. ಕಿಲೋಗಿಷ್ಟೆಂದು ಕೂಲಿ.
ಮುಳ್ಳು ಮೂವತ್ತನಾಲ್ಕಕ್ಕೆ ನಿಂತಿತು.
ನನ್ನ ಮುಖ ನೋಡಿದಳು. ನಾನು ಹಿಂದೆ ತಿರುಗಿದೆ.
ವೆಂಡೆಲೀನ್ ಕೆಮ್ಮಿ, ಕೋಟಿನ ಜೇಬಿನಿಂದ
ಒಂದೊಂದಾಗಿ ಆಲೂಗಡ್ಡೆ ತೆಗೆದ,
ಒಳಜೇಬಿನಿಂದ, ಟೋಪಿಯಿಂದ, ಅಂಗಿಯೊಳಗಿಂದ ಈರುಳ್ಳಿ.
ಕಳ್ಳತನ ಒಪ್ಪಿಸುವ ಹುಡುಗನಂತೆ ನಿಂತಿದ್ದ, ನೆಟ್ಟಗೆ.

ಸೂಪು ಕುಡಿದೆವು. ನೀರಿನ ಮೇಲೆ ಮೋಡ ಬಂದು ಹೋಯಿತು.
ಡಾಕ್ಟರ ಸುದ್ದಿ ಯಾರೂ ಎತ್ತಲಿಲ್ಲ.

ಇಳಿಯುವಾಗ ತಂಗುಮನೆಯ ಖಾಲಿ ಬಾಟಲಿ ಹೊರಬೇಕಂತೆ.
ಅದನ್ನು ಮಾತ್ರ ಅವನು ಮೊದಲೇ ಹೇಳಿರಲಿಲ್ಲ.